ಪರೀಕ್ಷಾ ತಂತ್ರಾಂಶಕ್ಕೆ ಹೊಸ ಸೌಲಭ್ಯ: ತಯಾರಿಸುವುದು ಸುಲಭ, ಸೇರಿಸುವುದು ಕಷ್ಟ

2025ರ ಸೆಪ್ಟೆಂಬರ್ 3ರಂದು ನಡೆದ ಜಿಎಸ್‌ಟಿ ಮಂಡಳಿಯ 56ನೆಯ ಸಭೆಯು ತೆರಿಗೆಯ ದರಗಳನ್ನು ಪರಿಷ್ಕರಿಸಲು ತೀರ್ಮಾನಿಸಿತು. ಹೊಸ ದರಗಳು ಅದೇ ತಿಂಗಳ 22ರಿಂದ ಜಾರಿಗೆ ಬಂದವು. ಶೇಕಡಾ 12 ಮತ್ತು 28ರ ಹಂತಗಳಲ್ಲಿದ್ದ ಬಹುಪಾಲು ಸರಕುಗಳು ಶೇಕಡಾ 5 ಮತ್ತು 18ರ ಹಂತಗಳಿಗೆ ಇಳಿದವು. ಬೈಸಿಕಲ್ಲಿನ ತೆರಿಗೆ 12ರಿಂದ 5ಕ್ಕೆ, ಸಿಮೆಂಟಿನ ತೆರಿಗೆ 28ರಿಂದ 18ಕ್ಕೆ ಬಂದಿತು. ನಡುವೆ ದೊರೆತ ಹತ್ತೊಂಬತ್ತು ದಿನಗಳಲ್ಲಿ ಈ ಸರಕುಗಳನ್ನು ಮಾರುವವರ ಬಿಲ್ಲಿಂಗ್ ತಂತ್ರಾಂಶಗಳೆಲ್ಲವೂ ತಿದ್ದುಪಡಿಯಾಗಬೇಕಿತ್ತು.

ತಿದ್ದುವುದು ಕಷ್ಟದ ಕೆಲಸವಲ್ಲ. ದರಪಟ್ಟಿಯಲ್ಲಿ ಒಂದು ಅಂಕಿಯನ್ನು ಅಳಿಸಿ ಇನ್ನೊಂದನ್ನು ಬರೆದರೆ ಮುಗಿಯಿತು. ಕಷ್ಟವಿರುವುದು, ಹಾಗೆ ತಿದ್ದಿದ ಮೇಲೆ ಬೇರೆ ಯಾವುದೂ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದರಲ್ಲಿ. ಕರ್ನಾಟಕದೊಳಗಿನ ಗ್ರಾಹಕನಿಗೆ ಒಂದು ಲಕ್ಷ ರೂಪಾಯಿ ಮೌಲ್ಯದ ಸರಕನ್ನು ಶೇಕಡಾ 18ರ ದರದಲ್ಲಿ ಮಾರಿದರೆ ಕೇಂದ್ರದ ತೆರಿಗೆ 9,000 ಮತ್ತು ರಾಜ್ಯದ ತೆರಿಗೆ 9,000 ಎಂದು ಬಿಲ್ಲಿನಲ್ಲಿ ಬರಬೇಕು. ಅದೇ ಸರಕು ಹೊಸೂರಿಗೆ ಹೋದರೆ 18,000 ರೂಪಾಯಿ ಐಜಿಎಸ್‌ಟಿ ಎಂಬ ಒಂದೇ ಸಾಲು ಇರಬೇಕು. ಹಳೆಯ ದರದ ಬಿಲ್ಲಿಗೆ ಸಂಬಂಧಿಸಿದ ಕ್ರೆಡಿಟ್ ನೋಟ್ ಹಳೆಯ ದರದಲ್ಲಿಯೇ ಹೊರಬರಬೇಕು. ಇವೆಲ್ಲವನ್ನೂ ಪ್ರತಿಸಲ ಗುಮಾಸ್ತರೊಬ್ಬರು ಕುಳಿತು ಕೈಯಿಂದ ಪರಿಶೀಲಿಸುವುದು ಸಾಧ್ಯವಿಲ್ಲದ ಮಾತು.

ಯಂತ್ರೋದ್ಯಮದಲ್ಲಿ ತೊಡಗಿರುವವರಿಗೆ ಇದರ ಪರಿಹಾರ ಹೊಸದಲ್ಲ. ಪೀಣ್ಯದ ಯಾವುದೇ ಕಾರ್ಯಾಗಾರದಲ್ಲಿ ರಂಧ್ರದ ವ್ಯಾಸ ಸರಿಯಿದೆಯೇ ಎಂದು ನೋಡಲು ಪ್ರತಿ ತುಂಡಿಗೂ ಮೈಕ್ರೋಮೀಟರ್ ಹಿಡಿಯುವುದಿಲ್ಲ. ಒಂದು ತುದಿ ಒಳಹೋಗಬೇಕು, ಇನ್ನೊಂದು ತುದಿ ಹೋಗಬಾರದು ಎಂಬ ಗೇಜನ್ನು ಒಮ್ಮೆ ಮಾಡಿಸಿಟ್ಟುಕೊಂಡರೆ ಸಾವಿರ ತುಂಡುಗಳನ್ನೂ ಅದೇ ನೋಡಿಕೊಳ್ಳುತ್ತದೆ. ತಂತ್ರಾಂಶದ ಪರೀಕ್ಷೆಯೂ ಇಂತಹುದೇ ಗೇಜು. ಇದು ಒಂದು ಪ್ರೋಗ್ರಾಮನ್ನು ಪರಿಶೀಲಿಸಲು ಬರೆದ ಇನ್ನೊಂದು ಚಿಕ್ಕ ಪ್ರೋಗ್ರಾಮು. ಇಷ್ಟು ಕೊಟ್ಟರೆ ಇಷ್ಟು ಬರಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಬಾರದಿದ್ದರೆ ಅದು ತಪ್ಪನ್ನು ತೋರಿಸುತ್ತದೆ.

ಇಂತಹ ಪರೀಕ್ಷೆಯ ಬೆಲೆ ಸಣ್ಣ ಉದಾಹರಣೆಯೊಂದರಲ್ಲಿ ಚೆನ್ನಾಗಿ ಕಾಣುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೆಯ ಪ್ರಕರಣದ ಪ್ರಕಾರ ಪಾವತಿಸಬೇಕಾದ ತೆರಿಗೆಯನ್ನು ಪೂರ್ಣ ರೂಪಾಯಿಗೆ ಸರಿಹೊಂದಿಸುವಾಗ ಐವತ್ತು ಪೈಸೆ ಅಥವಾ ಅದಕ್ಕೆ ಮೇಲ್ಪಟ್ಟದ್ದನ್ನು ಒಂದು ರೂಪಾಯಿ ಎಂದು ಏರಿಸಬೇಕು. ಆದರೆ ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಪೈಥಾನ್ ಭಾಷೆಯಲ್ಲಿ ಅಂಕಿಗಳನ್ನು ಪೂರ್ಣಗೊಳಿಸಲು ಇರುವ ಸಿದ್ಧ ವಿಧಾನವು, ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. 1,250 ರೂಪಾಯಿ 50 ಪೈಸೆಯನ್ನು ಕಾಯ್ದೆಯು 1,251 ಎಂದರೆ, ಪೈಥಾನ್ 1,250 ಎನ್ನುತ್ತದೆ. ಇದು ಪೈಥಾನಿನ ದೋಷವಲ್ಲ. ಸಂಖ್ಯಾಶಾಸ್ತ್ರದವರಿಗೆ ಆ ನಿಯಮವೇ ಬೇಕು. ಆದರೆ ತೆರಿಗೆಯ ಲೆಕ್ಕಕ್ಕೆ ಅದು ಒಗ್ಗುವುದಿಲ್ಲ. ತಂತ್ರಾಂಶ ಬರೆದವರಿಗೆ ಈ ಸಂಗತಿ ತಿಳಿಯದಿದ್ದರೆ ವರ್ತಕರ ಲೆಕ್ಕಪತ್ರವು ಅಲ್ಲಲ್ಲಿ ಒಂದು ರೂಪಾಯಿಯ ವ್ಯತ್ಯಾಸದೊಡನೆ ಸಾಗುತ್ತಲೇ ಇರುತ್ತದೆ. 1,250.50 ಕೊಟ್ಟರೆ 1,251 ಬರಬೇಕೆಂಬ ಒಂದು ಸಾಲಿನ ಪರೀಕ್ಷೆ ಇದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತದೆ.

ಪೈಟೆಸ್ಟ್ ಎಂಬ ಚೌಕಟ್ಟು

ಇಂತಹ ನೂರಾರು ಪರೀಕ್ಷೆಗಳನ್ನು ಬರೆಯಲು, ಒಟ್ಟಿಗೆ ನಡೆಸಲು ಮತ್ತು ಫಲಿತಾಂಶದ ವರದಿಯನ್ನು ಕೊಡಲು ನೆರವಾಗುವ ಸಾಧನಕ್ಕೆ ಪರೀಕ್ಷಾ ಚೌಕಟ್ಟು ಎಂದು ಹೆಸರು. ಪೈಥಾನ್ ಭಾಷೆಯಲ್ಲಿ ಬರೆದ ತಂತ್ರಾಂಶಗಳಿಗೆ ಹೆಚ್ಚಾಗಿ ಬಳಸಲ್ಪಡುವ ಚೌಕಟ್ಟು ಪೈಟೆಸ್ಟ್. 2000ದ ದಶಕದ ಮೊದಲರ್ಧದಲ್ಲಿ, ಪೈಪೈ ಎಂಬ ಯೋಜನೆಯ ಆವಶ್ಯಕತೆಗಾಗಿ ಜರ್ಮನಿಯ ಹೋಲ್ಗರ್ ಕ್ರೇಕೆಲ್ ಅವರು ಆರಂಭಿಸಿದ ಈ ಕೆಲಸವನ್ನು ಇಂದು ಹಲವು ದೇಶಗಳ ಸ್ವಯಂಸೇವಕರು ಮುಂದುವರಿಸುತ್ತಿದ್ದಾರೆ. ಇದು ಮುಕ್ತ ಆಕರ ತಂತ್ರಾಂಶ. ಎಂದರೆ ಇದರ ಮೂಲ ಬರಹವು ಎಲ್ಲರಿಗೂ ತೆರೆದಿದೆ. ಎಂಐಟಿ ಪರವಾನಗಿಯ ಪ್ರಕಾರ ಯಾರು ಬೇಕಾದರೂ ಇದನ್ನು ಹಣ ಕೊಡದೆ ಬಳಸಬಹುದು, ತಿದ್ದಬಹುದು, ತಮ್ಮ ಮಾರಾಟದ ಸರಕಿನೊಳಗೆ ಸೇರಿಸಲೂಬಹುದು. ಹಕ್ಕುಸ್ವಾಮ್ಯದ ಸೂಚನೆಯನ್ನು ಉಳಿಸಿಕೊಳ್ಳಬೇಕೆಂಬುದೊಂದೇ ಕಟ್ಟಳೆ. ಇದರ ಹಿಂದೆ ಯಾವುದೇ ಮಾರಾಟದ ಕಂಪನಿಯಿಲ್ಲ. ಬಳಕೆದಾರರಿಗೆ ಬೇಕಾದ ಹೊಸ ಸೌಲಭ್ಯವನ್ನು ಯಾರಾದರೂ ಮುಂದೆ ಬಂದು ಮಾಡಿಕೊಡಬೇಕು.

ಮಾಡಿಕೊಟ್ಟ ಮಾತ್ರಕ್ಕೆ ಅದು ಸೇರಿಹೋಗುವುದಿಲ್ಲ. ಉಚಿತವಾಗಿ ಕೊಟ್ಟ ವಸ್ತುವನ್ನು ಬೇಡವೆನ್ನುವವರು ಯಾರು ಎಂದು ವ್ಯಾಪಾರದ ಬುದ್ಧಿಗೆ ತೋರುವುದು ಸಹಜ. ಆದರೆ ಇಲ್ಲಿ ಕೊಡುವವನಿಗೆ ಒಂದು ಸಲದ ಖರ್ಚು, ಪಡೆಯುವವನಿಗೆ ಪ್ರತಿ ವರ್ಷದ ಖರ್ಚು. ದೇವಸ್ಥಾನಕ್ಕೆ ಆನೆಯನ್ನು ದಾನ ಕೊಟ್ಟವರು ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ಮೇವಿನ ಚಿಂತೆ ಧರ್ಮದರ್ಶಿಗಳದು.

ಮೊದಲ ತಪ್ಪಿಗೇ ನಿಂತುಬಿಡುವ ಪರೀಕ್ಷೆ

ಪೈಟೆಸ್ಟಿನಲ್ಲಿ ಸೌಲಭ್ಯವೊಂದು ಹೇಗೆ ಸೇರುತ್ತದೆಂಬುದಕ್ಕೆ ಸಬ್‌ಟೆಸ್ಟ್, ಎಂದರೆ ಉಪಪರೀಕ್ಷೆ, ಎಂಬುದರ ಇತಿಹಾಸಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ತುಮಕೂರಿನ ಬಿಡಿಭಾಗ ತಯಾರಕರೊಬ್ಬರು ತಮ್ಮ ತಂತ್ರಾಂಶದವರಿಗೆ ಕಳೆದ ತಿಂಗಳ ನಾನೂರು ಬಿಲ್ಲುಗಳ ಕಡತವನ್ನು ಕೊಟ್ಟು, ಹೊಸ ಆವೃತ್ತಿಯು ಇವೆಲ್ಲಕ್ಕೂ ಅದೇ ತೆರಿಗೆಯನ್ನು ಲೆಕ್ಕ ಹಾಕುತ್ತದೆಯೇ ನೋಡಿ ಎಂದು ಹೇಳಿದರೆಂದು ಭಾವಿಸೋಣ. ಸಾಮಾನ್ಯ ಪರೀಕ್ಷೆಯೊಂದು ಕಡತವನ್ನು ತೆರೆದು ಒಂದೊಂದೇ ಬಿಲ್ಲನ್ನು ನೋಡುತ್ತಾ ಹೋಗುತ್ತದೆ. ಹದಿನೇಳನೆಯ ಬಿಲ್ಲಿನಲ್ಲಿ ತಪ್ಪು ಕಂಡಿತೆನ್ನಿ, ಪರೀಕ್ಷೆ ಅನುತ್ತೀರ್ಣವೆಂದು ಸಾರಿ ಅಲ್ಲಿಯೇ ನಿಂತುಬಿಡುತ್ತದೆ. ಉಳಿದ 383 ಬಿಲ್ಲುಗಳ ಗತಿ ತಿಳಿಯದು. ಅದನ್ನು ಸರಿಪಡಿಸಿ ಮತ್ತೆ ಓಡಿಸಿದರೆ ನಲವತ್ತೆರಡನೆಯದರಲ್ಲಿ ನಿಲ್ಲುತ್ತದೆ. ಗೋದಾಮಿನ ದಾಸ್ತಾನು ಎಣಿಸಲು ಹೋದ ನೌಕರನು ಮೊದಲ ಚೀಲದಲ್ಲಿ ಕೊರತೆ ಕಂಡೊಡನೆ ಪುಸ್ತಕ ಮಡಿಚಿ ಮನೆಗೆ ಹೋದಂತೆ ಇದು. ತಪ್ಪು ಒಂದೇ ಬಿಲ್ಲಿನದೋ, ಹೊರರಾಜ್ಯದ ಎಲ್ಲ ಬಿಲ್ಲುಗಳದೋ ಎಂಬುದು ಗೊತ್ತಾದರೆ ಅರ್ಧ ರೋಗ ತಿಳಿದಂತೆ. ಆ ಮಾಹಿತಿಯೇ ಇಲ್ಲಿ ದೊರೆಯುವುದಿಲ್ಲ.

ಪೈಟೆಸ್ಟಿನಲ್ಲಿ ಇದಕ್ಕೊಂದು ಉಪಾಯ ಮೊದಲಿನಿಂದ ಇತ್ತು. ಪರೀಕ್ಷಿಸಬೇಕಾದ ಅಂಕಿಗಳ ಪಟ್ಟಿಯನ್ನು ಮೊದಲೇ ಕೊಟ್ಟರೆ ಅದು ಪ್ರತಿಯೊಂದಕ್ಕೂ ಬೇರೆ ಬೇರೆ ಪರೀಕ್ಷೆ ಎಂದು ಪರಿಗಣಿಸುತ್ತದೆ. ಆದರೆ ಪಟ್ಟಿಯು ಪರೀಕ್ಷೆ ಆರಂಭವಾಗುವುದಕ್ಕೆ ಮುಂಚೆ ಗೊತ್ತಿರಬೇಕು. ಪರೀಕ್ಷೆ ನಡೆಯುತ್ತಿರುವಾಗಲೇ ಡೇಟಾಬೇಸಿನಿಂದ ಬಿಲ್ಲುಗಳನ್ನು ತೆಗೆದುಕೊಳ್ಳುವ ಸಂದರ್ಭಕ್ಕೆ ಅದು ಒದಗುವುದಿಲ್ಲ. ಒಂದೇ ಪರೀಕ್ಷೆಯ ಒಳಗೆ ಹಲವು ಉಪಪರೀಕ್ಷೆಗಳಿದ್ದು, ಒಂದು ಸೋತರೂ ಉಳಿದವು ಮುಂದುವರಿಯಬೇಕು ಎಂಬುದು ಬೇಡಿಕೆ. ಪೈಥಾನ್ ಭಾಷೆಯೊಡನೆಯೇ ಬರುವ ಯೂನಿಟ್‌ಟೆಸ್ಟ್ ಎಂಬ ಸಾಧನದಲ್ಲಿ 2014ರ 3.4 ಆವೃತ್ತಿಯಿಂದ ಈ ಸೌಲಭ್ಯ ಬಂದಿತು. ಅದನ್ನು ಪೈಟೆಸ್ಟಿನಲ್ಲಿಯೂ ಒದಗಿಸಬೇಕೆಂಬ ಮನವಿ 1367ನೆಯ ಕ್ರಮಸಂಖ್ಯೆಯಲ್ಲಿ 2016ರಲ್ಲಿ ದಾಖಲಾಯಿತು. ಅದು ಪೈಟೆಸ್ಟಿನ ಮೂಲದಲ್ಲಿ ಸೇರಿದ್ದು 2025ರ ನವೆಂಬರಿನಲ್ಲಿ, 9.0 ಆವೃತ್ತಿಯಲ್ಲಿ.

ಒಂಬತ್ತು ವರ್ಷಕ್ಕೂ ಮೀರಿದ ಈ ವಿಳಂಬಕ್ಕೆ ಸೋಮಾರಿತನ ಕಾರಣವಲ್ಲ. ಒಂದು ಪರೀಕ್ಷೆಗೆ ಒಂದು ಫಲಿತಾಂಶ ಎಂಬ ನಂಬಿಕೆಯ ಮೇಲೆ ಪೈಟೆಸ್ಟಿನ ಇಡೀ ಕಟ್ಟಡ ನಿಂತಿದೆ. ಒಂದು ಪರೀಕ್ಷೆಯೊಳಗೆ ನಾನೂರು ಫಲಿತಾಂಶಗಳು ಬಂದರೆ ವರದಿಯಲ್ಲಿ ಎಷ್ಟೆಂದು ಎಣಿಸಬೇಕು? ಮೊದಲ ಸೋಲಿಗೇ ನಿಲ್ಲಿಸು ಎಂದು ಬಳಕೆದಾರರು ಸೂಚಿಸಿದ್ದರೆ ಉಪಪರೀಕ್ಷೆಯ ಸೋಲಿಗೆ ನಿಲ್ಲಬೇಕೇ? ಕಳೆದ ಸಲ ಸೋತವನ್ನು ಮಾತ್ರ ಮತ್ತೆ ನಡೆಸು ಎಂದರೆ ಆ ಒಂದು ಉಪಪರೀಕ್ಷೆಯನ್ನೋ, ಇಡೀ ಪರೀಕ್ಷೆಯನ್ನೋ? ನಾನೂರರಲ್ಲಿ ಮೂರು ಸೋತು, ಕೊನೆಯ ಸಾಲಿನವರೆಗೂ ಸುಗಮವಾಗಿ ಹೋದ ಪರೀಕ್ಷೆಯನ್ನು ಉತ್ತೀರ್ಣವೆನ್ನಬೇಕೋ ಅನುತ್ತೀರ್ಣವೆನ್ನಬೇಕೋ? ಇದರ ಜೊತೆಗೆ ಪೈಟೆಸ್ಟನ್ನು ಆಧರಿಸಿ ಹೊರಗಿನವರು ರಚಿಸಿರುವ ಸಾವಿರಕ್ಕೂ ಹೆಚ್ಚು ಪ್ಲಗಿನ್‌ಗಳು, ಎಂದರೆ ಹೊರಗಿನಿಂದ ಜೋಡಿಸುವ ಘಟಕಗಳು, ಇವೆ. ಅವುಗಳಲ್ಲಿ ಎಷ್ಟೋ ಘಟಕಗಳು ಅದೇ ಹಳೆಯ ನಂಬಿಕೆಯನ್ನು ಆಧರಿಸಿದವು. ಉಪಪರೀಕ್ಷೆಯನ್ನು ಬರೆಯುವುದು ಬಲ್ಲವನಿಗೆ ಕೆಲವು ದಿನಗಳ ಕೆಲಸವಿರಬಹುದು. ಅದು ಸೇರಿದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಕೊಡುವ ಜವಾಬ್ದಾರಿ ಮುಗಿಯುವುದೇ ಇಲ್ಲ.

ನಡುವಿನ ದಾರಿ

ಈ ಬಿಕ್ಕಟ್ಟಿಗೆ ಯೋಜನೆಯವರು ಕಂಡುಕೊಂಡ ಮಾರ್ಗ ಸಣ್ಣ ಉದ್ದಿಮೆಗಳೂ ಗಮನಿಸಬೇಕಾದದ್ದು. 2019ರಲ್ಲಿ ಉಪಪರೀಕ್ಷೆಯನ್ನು ಪೈಟೆಸ್ಟ್–ಸಬ್‌ಟೆಸ್ಟ್ಸ್ ಎಂಬ ಪ್ರತ್ಯೇಕ ಪ್ಲಗಿನ್ ಆಗಿ ಬಿಡುಗಡೆ ಮಾಡಲಾಯಿತು. ಬೇಕಾದವರು ಅದನ್ನು ಹಾಕಿಕೊಂಡರು, ಬೇಡವಾದವರಿಗೆ ಅದರ ಗೊಡವೆಯೇ ಇರಲಿಲ್ಲ. ಮೇಲಿನ ಪ್ರಶ್ನೆಗಳು ಒಂದೊಂದಾಗಿ ಬಳಕೆಯಲ್ಲಿ ಎದುರಾದವು, ಒಂದೊಂದಾಗಿ ತಿದ್ದಿಕೊಳ್ಳಲಾಯಿತು. ಆರು ವರ್ಷ ಹೊರಗೆ ಪಳಗಿದ ಮೇಲೆ ಅದನ್ನು ಮೂಲಕ್ಕೆ ಬರಮಾಡಿಕೊಂಡರು. ಹೊಸ ಮಾದರಿಯ ಯಂತ್ರವನ್ನು ಮುಖ್ಯ ಸಾಲಿನಲ್ಲಿ ಕೂರಿಸದೆ, ಪಕ್ಕದ ಶೆಡ್ಡಿನಲ್ಲಿ ಕೆಲವು ಕಾಲ ಓಡಿಸಿ ನೋಡುವ ಕ್ರಮವೇ ಇದು.

ಪೈಟೆಸ್ಟಿನ ರಚನೆಯೇ ಇದಕ್ಕೆ ಅನುಕೂಲವಾಗಿದೆ. ಅದರ ಕೆಲಸದ ಪ್ರತಿ ಹಂತದಲ್ಲಿಯೂ, ಪರೀಕ್ಷೆಗಳನ್ನು ಹುಡುಕುವಾಗ, ಒಂದೊಂದನ್ನು ನಡೆಸುವ ಮುನ್ನ, ನಡೆಸಿದ ನಂತರ, ವರದಿ ಬರೆಯುವಾಗ, ಹೊರಗಿನ ಘಟಕವು ತನ್ನ ಮಾತನ್ನು ಸೇರಿಸಲು ಕೊಕ್ಕೆಗಳನ್ನು ಬಿಡಲಾಗಿದೆ. ಬಹುಪಾಲು ಹೊಸ ಸೌಲಭ್ಯಗಳಿಗೆ ಮೂಲವನ್ನು ಮುಟ್ಟಬೇಕಾಗಿಯೇ ಇಲ್ಲ. ಆದ್ದರಿಂದಲೇ ಪಾಲಕರು ಯಾವುದೇ ದೊಡ್ಡ ಪ್ರಸ್ತಾಪಕ್ಕೆ ಕೇಳುವ ಮೊದಲ ಪ್ರಶ್ನೆ: ಇದು ಪ್ಲಗಿನ್ ಆಗಿ ಇರಲು ಏನು ಅಡ್ಡಿ?

ಎಚ್ಚರಿಕೆಗೆ ಇನ್ನೊಂದು ಕಾರಣವೂ ಉಂಟು. ತಂತ್ರಾಂಶವು ಓಡುವಾಗ ತಾನು ಮಾಡಿದ ಕೆಲಸಗಳ ದಿನಚರಿಯನ್ನು ಬರೆಯುತ್ತಾ ಹೋಗುತ್ತದೆ. ಪರೀಕ್ಷೆಯ ಸಮಯದಲ್ಲಿ ಆ ದಿನಚರಿಯನ್ನು ಹಿಡಿದಿಡಲು ಪೈಟೆಸ್ಟ್–ಕ್ಯಾಚ್‌ಲಾಗ್ ಎಂಬ ಜನಪ್ರಿಯ ಪ್ಲಗಿನ್ ಇತ್ತು. ಅದನ್ನು 2017ರ ನವೆಂಬರಿನಲ್ಲಿ, 3.3 ಆವೃತ್ತಿಯಲ್ಲಿ ಪೈಟೆಸ್ಟಿನ ಮೂಲಕ್ಕೆ ಸೇರಿಸಲಾಯಿತು. ಜೊತೆಗೆ ದಿನಚರಿಯ ಸಾಲುಗಳು ಪರೀಕ್ಷೆ ನಡೆಯುತ್ತಿರುವಾಗಲೇ ಪರದೆಯ ಮೇಲೆ ಕಾಣುವಂತೆಯೂ, ಯಾರೂ ಕೇಳದಿದ್ದರೂ ಕಾಣುವಂತೆಯೂ ಮಾಡಲಾಯಿತು. ಆ ಸೌಲಭ್ಯವನ್ನು ಬಯಸದವರ ಪರದೆಯೂ ಸಾಲುಗಳಿಂದ ತುಂಬಿಹೋಯಿತು. ಬಳಕೆದಾರರ ಆಕ್ಷೇಪಣೆಗಳ ಫಲವಾಗಿ 2018ರ ಜನವರಿ ಕೊನೆಯಲ್ಲಿ ಬಂದ 3.4 ಆವೃತ್ತಿಯಲ್ಲಿ ಅದನ್ನು ಕೇಳಿದವರಿಗೆ ಮಾತ್ರ ಎಂದು ಬದಲಿಸಬೇಕಾಯಿತು. ನಡುವೆ ಇದ್ದದ್ದು ಕೇವಲ ಎರಡು ತಿಂಗಳು. ಆದರೂ ಆ ಎರಡು ತಿಂಗಳಲ್ಲಿ ಹೊಸ ವರ್ತನೆಗೆ ತಮ್ಮ ಕೆಲಸವನ್ನು ಹೊಂದಿಸಿಕೊಂಡಿದ್ದವರು ಮತ್ತೊಮ್ಮೆ ಹೊಂದಿಸಿಕೊಳ್ಳಬೇಕಾಯಿತು. ಸೌಲಭ್ಯ ಒಳ್ಳೆಯದೇ ಆಗಿತ್ತು. ಆದರೆ ಯಾರೂ ಕೇಳದೆಯೇ ಅದು ತಾನಾಗಿ ಚಾಲೂ ಆಗಿರಬೇಕು ಎಂಬ ಆಯ್ಕೆ ತಪ್ಪಾಗಿತ್ತು. ಲಕ್ಷಾಂತರ ಜನ ಬಳಸುವ ಸಾಧನದಲ್ಲಿ ಒಮ್ಮೆ ಬಿಟ್ಟ ಸೌಲಭ್ಯವನ್ನು ಹಿಂದಕ್ಕೆ ಪಡೆಯುವುದು, ಮಾರುಕಟ್ಟೆಗೆ ಬಿಟ್ಟ ಸರಕನ್ನು ವಾಪಸು ತರಿಸಿಕೊಳ್ಳುವುದಕ್ಕಿಂತ ಕಷ್ಟ.

ತಮ್ಮಲ್ಲಿಯೇ ಇಟ್ಟುಕೊಂಡರೆ?

ಇಷ್ಟೆಲ್ಲ ತಾಪತ್ರಯವಿದ್ದರೆ, ನಮಗೆ ಬೇಕಾದ ಬದಲಾವಣೆಯನ್ನು ನಮ್ಮ ಪ್ರತಿಯಲ್ಲಿಯೇ ಮಾಡಿಕೊಂಡು ಸುಮ್ಮನಿದ್ದರಾಯಿತಲ್ಲ ಎಂದು ಉದ್ದಿಮೆದಾರರಿಗೆ ಅನ್ನಿಸಬಹುದು. ಎಂಐಟಿ ಪರವಾನಗಿಯಲ್ಲಿ ಅದಕ್ಕೆ ಅಡ್ಡಿಯಿಲ್ಲ. ಬದಲಾವಣೆಯನ್ನು ಬಹಿರಂಗಪಡಿಸಬೇಕೆಂಬ ಕಟ್ಟಳೆಯೂ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಹಲವು ಸಂದರ್ಭಗಳಲ್ಲಿ ಇದೇ ದುಬಾರಿ.

ಪೈಟೆಸ್ಟಿನ 5.0 ಆವೃತ್ತಿ 2019ರ ಜೂನ್‌ನಲ್ಲಿ ಬಂದಿತು. ಅದರ ನಂತರ 2020ರಲ್ಲಿ 6.0, 2022ರಲ್ಲಿ 7.0, 2024ರಲ್ಲಿ 8.0, 2025ರಲ್ಲಿ 9.0 ಬಂದವು. ಚಿಕ್ಕ ಆವೃತ್ತಿಗಳ ಎಣಿಕೆ ಬೇರೆ. 2019ರಲ್ಲಿ ತನ್ನ ಪ್ರತಿಯನ್ನು ಖಾಸಗಿಯಾಗಿ ತಿದ್ದಿಕೊಂಡ ಸಂಸ್ಥೆಯು ಪ್ರತಿ ದೊಡ್ಡ ಆವೃತ್ತಿ ಬಂದಾಗಲೂ ಆ ತಿದ್ದುಪಡಿಯನ್ನು ಹೊಸ ಮೂಲಕ್ಕೆ ಹೊಂದಿಸಬೇಕು. ಎಂದರೆ ಈವರೆಗೆ ಕನಿಷ್ಠ ನಾಲ್ಕು ಸಲ. ಹೊಂದಿಸುವವರು ಮೊದಲು ಬರೆದವರೇ ಆಗಿರುವುದು ಅಪರೂಪ, ಏಕೆಂದರೆ ಆ ಹುಡುಗ ಅಷ್ಟರಲ್ಲಿ ಕೆಲಸ ಬದಲಿಸಿರುತ್ತಾನೆ. ಹೊಂದಿಸುವ ಖರ್ಚು ಬೇಡವೆಂದು 2019ರ ಆವೃತ್ತಿಯಲ್ಲಿಯೇ ನಿಂತರೆ ಹೊಸ ಪೈಥಾನ್ ಆವೃತ್ತಿಗಳಿಗೆ ಹೋಗುವ ದಾರಿ ಮುಚ್ಚುತ್ತಾ ಬರುತ್ತದೆ. ಹಳೆಯ ಪೈಥಾನ್ ಆವೃತ್ತಿಗಳಿಗೆ ಭದ್ರತಾ ತಿದ್ದುಪಡಿಗಳು ಐದು ವರ್ಷಗಳ ನಂತರ ನಿಂತುಹೋಗುತ್ತವೆ. ಪಟ್ಟಿ ಹಾಕಿದ ಯಂತ್ರಕ್ಕೆ ಬಿಡಿಭಾಗ ಸಿಗದೆ ಹೋದ ಸ್ಥಿತಿ ಅದು.

ಅದೇ ಸಂಸ್ಥೆ ತನ್ನ ತಿದ್ದುಪಡಿಯನ್ನು ಪ್ಲಗಿನ್ ಆಗಿ ರಚಿಸಿದ್ದರೆ, ಮೂಲದಿಂದ ಬೇರೆಯಾಗಿ ಉಳಿಯುವುದರಿಂದ, ಹೊಂದಿಸುವ ಕೆಲಸ ಬಹಳ ಮಟ್ಟಿಗೆ ಕಡಿಮೆಯಾಗುತ್ತಿತ್ತು. ಅದನ್ನು ಪ್ರಕಟಿಸಿದ್ದರೆ ಬೇರೆ ಯಾರಾದರೂ ದೋಷಗಳನ್ನು ಕಂಡು ತಿಳಿಸುತ್ತಿದ್ದರು. ಮೂಲಕ್ಕೇ ಸೇರಿದ್ದರೆ ಪ್ರತಿ ಆವೃತ್ತಿಯ ಬಿಡುಗಡೆಗೆ ಮೊದಲೂ ಅದರ ಪರೀಕ್ಷೆ ನಡೆಯುತ್ತಿತ್ತು. ಸಂಸ್ಥೆಯ ವ್ಯಾಪಾರದ ಗುಟ್ಟು ಸಾಮಾನ್ಯವಾಗಿ ಬಿಲ್ಲಿಂಗ್ ತಂತ್ರಾಂಶದಲ್ಲಿ, ದರಗಳಲ್ಲಿ, ಗ್ರಾಹಕರ ಪಟ್ಟಿಯಲ್ಲಿ ಇರುತ್ತದೆಯೇ ಹೊರತು ಅದನ್ನು ಅಳೆಯುವ ಗೇಜಿನಲ್ಲಲ್ಲ. ಗೇಜನ್ನು ಪ್ರತಿಸ್ಪರ್ಧಿಯೂ ಬಳಸಿದರೆ ಆಗುವ ನಷ್ಟ ಅಷ್ಟರಲ್ಲಿಯೇ ಇದೆ.

ಸೇರಿಸುವ ಕ್ರಮ

ಮೂಲಕ್ಕೇ ಸೇರಬೇಕಾದ ಸೌಲಭ್ಯವೆಂದು ಮನವರಿಕೆಯಾದ ಮೇಲೆ, ಮೊದಲ ಹೆಜ್ಜೆ ಬರೆಯುವುದಲ್ಲ, ಕೇಳುವುದು. ಪೈಟೆಸ್ಟಿನ ಮೂಲವಿರುವ ಗಿಟ್‌ಹಬ್ ತಾಣದಲ್ಲಿ ಪ್ರಸ್ತಾಪವನ್ನು ದಾಖಲಿಸಬೇಕು. ಎದುರಾದ ತೊಂದರೆ ಏನು, ಈಗ ಅದಕ್ಕೆ ಏನು ಮಾಡಲಾಗುತ್ತಿದೆ, ಬೇಕಾದದ್ದೇನು ಎಂಬ ಮೂರು ಸಂಗತಿಗಳು ಸ್ಪಷ್ಟವಿದ್ದರೆ ಸಾಕು. ಇದೇ ಕೋರಿಕೆ ಹಿಂದೆ ಬಂದು ತಿರಸ್ಕೃತವಾಗಿದ್ದರೆ ಅದರ ಕಾರಣವೂ ಅಲ್ಲಿಯೇ ಸಿಗುತ್ತದೆ. ಎರಡು ತಿಂಗಳು ದುಡಿದು ಬರೆದು ತಂದ ಮೇಲೆ ಬೇಡವೆನ್ನಿಸಿಕೊಳ್ಳುವುದಕ್ಕಿಂತ, ಎರಡು ಪುಟದ ಪ್ರಸ್ತಾಪಕ್ಕೆ ಬೇಡವೆನ್ನಿಸಿಕೊಳ್ಳುವುದು ಅಗ್ಗ.

ಒಪ್ಪಿಗೆಯ ಸೂಚನೆ ದೊರೆತ ನಂತರ ಮೂಲದ ಒಂದು ಪ್ರತಿಯನ್ನು ತಮ್ಮ ಖಾತೆಗೆ ತೆಗೆದುಕೊಂಡು ಬದಲಾವಣೆಯನ್ನು ಅದರಲ್ಲಿ ಮಾಡಬೇಕು. ಹೊಸ ಸೌಲಭ್ಯಕ್ಕೆ ಅದರದೇ ಪರೀಕ್ಷೆಗಳಿರಬೇಕು; ಪೈಟೆಸ್ಟನ್ನು ಪರೀಕ್ಷಿಸುವುದೂ ಪೈಟೆಸ್ಟೇ. ಗೇಜನ್ನೇ ಅಳೆಯಲು ಮಾಸ್ಟರ್ ಗೇಜ್ ಇರಿಸಿಕೊಳ್ಳುವವರಿಗೆ ಇದು ವಿಚಿತ್ರವೆನಿಸಲಾರದು. ನಂತರ ಬಳಕೆದಾರರ ಕೈಪಿಡಿಯಲ್ಲಿ ವಿವರಣೆ ಬರೆಯಬೇಕು. ಚೇಂಜ್‌ಲಾಗ್ ಎಂಬ ಕಡತಕೋಶದಲ್ಲಿ ಪ್ರಸ್ತಾಪದ ಕ್ರಮಸಂಖ್ಯೆಯನ್ನೂ ಬದಲಾವಣೆಯ ಬಗೆಯನ್ನೂ ಹೆಸರಾಗಿ ಹೊತ್ತ ಒಂದು ಪುಟ್ಟ ಕಡತವಿಟ್ಟು, ಒಂದೆರಡು ವಾಕ್ಯಗಳಲ್ಲಿ ಏನು ಬದಲಾಗಿದೆಯೆಂದು ತಿಳಿಸಬೇಕು. ಬಿಡುಗಡೆಯ ದಿನ ಈ ಚಿಕ್ಕ ಕಡತಗಳನ್ನೆಲ್ಲ ಕೂಡಿಸಿಯೇ ಆವೃತ್ತಿಯ ಪ್ರಕಟಣೆ ಸಿದ್ಧವಾಗುವುದು. ಕೊಡುಗೆದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನೂ ಸೇರಿಸಿಕೊಳ್ಳಬಹುದು. ಅದು ಎಲ್ಲ ಪ್ರತಿಗಳೊಡನೆ ಲೋಕ ಸುತ್ತುತ್ತದೆ; ತರುಣ ತಂತ್ರಜ್ಞರಿಗೆ ಯಾವ ಪ್ರಮಾಣಪತ್ರಕ್ಕಿಂತಲೂ ಇದರ ಮೇಲೆ ಆಸೆ ಹೆಚ್ಚು.

ಇಷ್ಟಾದ ಮೇಲೆ ಪುಲ್ ರಿಕ್ವೆಸ್ಟ್, ಎಂದರೆ ಸೇರಿಸಿಕೊಳ್ಳಬೇಕೆಂಬ ಔಪಚಾರಿಕ ಕೋರಿಕೆಯನ್ನು ಕಳುಹಿಸಬೇಕು. ಬಂದೊಡನೆ ವಿಂಡೋಸ್, ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ, ಪೈಥಾನಿನ ಹಲವು ಆವೃತ್ತಿಗಳಲ್ಲಿ ಎಲ್ಲ ಪರೀಕ್ಷೆಗಳೂ ತಾವಾಗಿ ನಡೆಯುತ್ತವೆ. ಕಳುಹಿಸಿದವರ ಯಂತ್ರದಲ್ಲಿ ಸರಿಯಾಗಿ ಓಡಿದ್ದು ಇಲ್ಲಿ ಎಡವುವುದು ಸಾಮಾನ್ಯ. ಆ ಬಳಿಕ ಪಾಲಕರ ಪರಿಶೀಲನೆ. ಅವರು ಸಾಲು ಸಾಲಾಗಿ ಓದುತ್ತಾರೆ, ಹೆಸರುಗಳನ್ನು ಬದಲಿಸಿ ಎನ್ನುತ್ತಾರೆ, ಅರ್ಧವನ್ನು ಕೈಬಿಡಿ ಎನ್ನುತ್ತಾರೆ, ಕೆಲವೊಮ್ಮೆ ವಾರಗಟ್ಟಲೆ ಉತ್ತರಿಸುವುದೇ ಇಲ್ಲ. ಸಂಬಳವಿಲ್ಲದೆ, ತಮ್ಮ ಉದ್ಯೋಗ ಮುಗಿಸಿ ಬಂದು ಸಂಜೆ ಕುಳಿತು ಓದುವ ಜನ ಅವರು. ಗ್ರಾಹಕಸೇವೆಯ ಧಾಟಿಯಲ್ಲಿ ಅವರಿಗೆ ಜ್ಞಾಪನಪತ್ರ ಕಳುಹಿಸುವುದರಿಂದ ಕೆಲಸ ಕೆಡುತ್ತದೆ.

ಅಪರಿಚಿತರ ಕೊಡುಗೆಯನ್ನು ಇಷ್ಟು ಬಿಗಿಯಾಗಿ ನೋಡುವುದಕ್ಕೆ ಭದ್ರತೆಯ ಕಾರಣವೂ ಇದೆ. 2024ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಎಕ್ಸ್‌ಝಡ್ ಪ್ರಕರಣದಲ್ಲಿ, ಸುಮಾರು ಎರಡು ವರ್ಷಗಳ ಕಾಲ ಉಪಯುಕ್ತ ಕೊಡುಗೆಗಳನ್ನು ನೀಡಿ ವಿಶ್ವಾಸ ಗಳಿಸಿದ್ದ ವ್ಯಕ್ತಿಯೇ ಒಂದು ಮುಕ್ತ ತಂತ್ರಾಂಶದೊಳಗೆ ಕಳ್ಳಬಾಗಿಲನ್ನು ಇರಿಸಿದ್ದು ಪತ್ತೆಯಾಯಿತು. ಅದನ್ನು ಒಬ್ಬಂಟಿಯಾಗಿ ನೋಡಿಕೊಳ್ಳುತ್ತಿದ್ದ ಪಾಲಕರು ಆ ವೇಳೆಗೆ ಬಳಲಿಹೋಗಿದ್ದರು. ಅವರ ಮೇಲೆ ಬೇಗ ಮಾಡಿ ಎಂಬ ಒತ್ತಡ ಹೇರಿದವರೂ ಇದ್ದರು.

ಸಂಸ್ಥೆಯ ಮಾಲೀಕರು ನೋಡಬೇಕಾದದ್ದು

ಕೊಡುಗೆಯನ್ನು ಬರೆಯುವವರು ತಂತ್ರಜ್ಞರಾದರೂ ಎರಡು ತೀರ್ಮಾನಗಳು ಮಾಲೀಕರವೇ. ನೌಕರಿಯ ಅವಧಿಯಲ್ಲಿ, ನೌಕರಿಯ ಕೆಲಸವಾಗಿ ನೌಕರನು ಬರೆದ ತಂತ್ರಾಂಶದ ಹಕ್ಕುಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಪ್ರಕರಣದಂತೆ ಮಾಲೀಕರಿಗೆ ಸೇರುತ್ತದೆ. ಆದ್ದರಿಂದ ಅದನ್ನು ಹೊರಗೆ ಕೊಡಲು ಅವರ ಲಿಖಿತ ಅನುಮತಿ ಇರುವುದು ಉಭಯತರಿಗೂ ಕ್ಷೇಮ. ಹೊರಗಿನ ಸಂಸ್ಥೆಗೆ ಕೆಲಸ ವಹಿಸಿದ್ದರೆ ಹಕ್ಕು ಯಾರದೆಂಬುದು ಒಪ್ಪಂದದ ಮಾತುಗಳ ಮೇಲೆ ನಿಲ್ಲುತ್ತದೆ. ಅದನ್ನು ಮೊದಲೇ ಓದಿಕೊಳ್ಳಬೇಕು.

ಎರಡನೆಯದು ಇನ್ನೂ ಸೂಕ್ಷ್ಮ. ತೊಂದರೆಯನ್ನು ವಿವರಿಸುವ ಆತುರದಲ್ಲಿ ನಿಜವಾದ ಬಿಲ್ಲುಗಳ ಕಡತವನ್ನೇ ಉದಾಹರಣೆಯಾಗಿ ಕಳುಹಿಸುವುದುಂಟು. ಅದರಲ್ಲಿ ಗ್ರಾಹಕರ ಜಿಎಸ್‌ಟಿ ಸಂಖ್ಯೆ, ವಿಳಾಸ, ಖರೀದಿಯ ದರಗಳು ಎಲ್ಲವೂ ಇರುತ್ತವೆ. ಗಿಟ್‌ಹಬ್‌ನಲ್ಲಿ ಒಮ್ಮೆ ಪ್ರಕಟವಾದದ್ದನ್ನು ಅಳಿಸಿದರೂ ಅದರ ಪ್ರತಿಗಳು ಎಲ್ಲೆಲ್ಲೋ ಉಳಿದಿರುತ್ತವೆ. ಕಲ್ಪಿತ ಹೆಸರು, ಕಲ್ಪಿತ ಅಂಕಿಗಳ ಮೂರು ಬಿಲ್ಲುಗಳಲ್ಲಿಯೇ ತೊಂದರೆಯನ್ನು ತೋರಿಸುವುದು ಸಾಧ್ಯ. ಪಾಲಕರು ಬಯಸುವುದೂ ಅದನ್ನೇ. ನಾನೂರು ಬಿಲ್ಲುಗಳನ್ನು ಓದುವ ವ್ಯವಧಾನ ಅವರಿಗಿಲ್ಲ.

ತಂತ್ರಜ್ಞರನ್ನು ಇದಕ್ಕಾಗಿ ಬಿಡುವುದು ಸಾಧ್ಯವಿಲ್ಲದ ಸಂಸ್ಥೆಗಳಿಗೆ ಹಣದ ದಾರಿಯೂ ಇದೆ. 2016ರ ಜೂನ್‌ನಲ್ಲಿ ಪೈಟೆಸ್ಟಿನ ಪ್ರಮುಖ ಕೊಡುಗೆದಾರರು ಜರ್ಮನಿಯ ಫ್ರೈಬರ್ಗ್‌ನಲ್ಲಿ ಒಂದು ವಾರ ಒಟ್ಟಿಗೆ ಕುಳಿತು ಕೆಲಸ ಮಾಡಿದ್ದು ಬಳಕೆದಾರರಿಂದ ಸಂಗ್ರಹಿಸಿದ ವಂತಿಗೆಯ ಹಣದಿಂದ. ಆ ಕೆಲಸವು ಅದೇ ಆಗಸ್ಟಿನಲ್ಲಿ ಬಂದ 3.0 ಆವೃತ್ತಿಗೆ ಸೇರಿತು. ಬೆಂಗಳೂರಿನಲ್ಲಿಯೂ ಇಂತಹ ಚಟುವಟಿಕೆಗೆ ಹಳೆಯ ನೆಲೆಯಿದೆ. 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ಸಮ್ಮೇಳನ ನಡೆದದ್ದು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. 2024ರ ಅಕ್ಟೋಬರಿನಲ್ಲಿ ಬೆಂಗಳೂರಿನ ಜೆರೋಧಾ ಸಂಸ್ಥೆಯು ಜಗತ್ತಿನ ಯಾವುದೇ ಮುಕ್ತ ತಂತ್ರಾಂಶ ಯೋಜನೆಗೆ ನೆರವಾಗಲು ವರ್ಷಕ್ಕೆ ಹತ್ತು ಲಕ್ಷ ಡಾಲರ್‌ಗಳ ಫ್ಲಾಸ್ ಫಂಡ್ ಅನ್ನು ಪ್ರಕಟಿಸಿತು. ಸಣ್ಣ ಉದ್ದಿಮೆಗಳಿಂದ ಅಂತಹ ಮೊತ್ತವನ್ನು ಯಾರೂ ನಿರೀಕ್ಷಿಸುವುದಿಲ್ಲ. ಅಚ್ಚುಕಟ್ಟಾಗಿ ಬರೆದ ಒಂದು ದೋಷವರದಿ, ಕೈಪಿಡಿಯ ಒಂದು ಪುಟದ ತಿದ್ದುಪಡಿ ಕೂಡ ಅಲ್ಲಿ ಗಣನೆಗೆ ಬರುತ್ತವೆ. ಹೊಸ ಸೌಲಭ್ಯಗಳನ್ನು ಕೊಟ್ಟವರಲ್ಲಿ ಅನೇಕರು ಆರಂಭಿಸಿದ್ದು ಹಾಗೆಯೇ.

ಬಿಲ್ಲಿಂಗ್ ಅಥವಾ ದಾಸ್ತಾನು ತಂತ್ರಾಂಶವನ್ನು ಹೊರಗಿನವರಿಂದ ಬರೆಸಿರುವ ಉದ್ದಿಮೆದಾರರು ಮುಂದಿನ ಸಲ ವಾರ್ಷಿಕ ನಿರ್ವಹಣಾ ಒಪ್ಪಂದ ನವೀಕರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಬಹುದು. ದರ ಬದಲಾದಾಗ ಲೆಕ್ಕವನ್ನು ಪರೀಕ್ಷಿಸುವ ಪ್ರೋಗ್ರಾಮುಗಳು ಇವೆಯೇ? ಅವು ಬಳಸುವ ಮುಕ್ತ ತಂತ್ರಾಂಶಗಳಲ್ಲಿ ಯಾವುದನ್ನಾದರೂ ಖಾಸಗಿಯಾಗಿ ತಿದ್ದಿಕೊಳ್ಳಲಾಗಿದೆಯೇ? ತಿದ್ದಿದ್ದರೆ, ಆ ತಿದ್ದುಪಡಿಯನ್ನು ಪ್ರತಿ ಹೊಸ ಆವೃತ್ತಿಗೆ ಹೊಂದಿಸುವ ಖರ್ಚು ಒಪ್ಪಂದದ ಯಾವ ಸಾಲಿನಲ್ಲಿ ಸೇರಿದೆ? ಉಪಪರೀಕ್ಷೆಗಾಗಿ 2019ರಿಂದ ಪ್ಲಗಿನ್ ಬಳಸುತ್ತಾ ಬಂದವರಿಗೆ 9.0 ಆವೃತ್ತಿಯ ನಂತರ ಆ ಪ್ರತ್ಯೇಕ ಘಟಕದ ಅಗತ್ಯವೇ ಉಳಿದಿಲ್ಲ. ತಮ್ಮದೇ ಪ್ರತಿಯನ್ನು ತಿದ್ದಿಕೊಂಡವರು ಈಗ ಅದನ್ನು ಬಿಚ್ಚುವ ಕೆಲಸಕ್ಕೂ ಕೂಲಿ ಕೊಡಬೇಕು.